ಬೀಗ ಹಾಕಿದ ಆಟದ ಪುಸ್ತಕ

ಆ ಬೀಗದಲ್ಲಿ ಮೂರು ಹಂತಗಳಿದ್ದವು: ಸಾಧಾರಣ, ಗಟ್ಟಿ, ಅತಿ ಗಟ್ಟಿ. ನಾನು ಅಂಗಡಿಯ ಶಟರ್ ಎಳೆದು ಬಸ್‌ಸ್ಟ್ಯಾಂಡಿನವರೆಗೆ ಹೋದ ಮೇಲೆ ಹಿಂದೆ ಬಂದು ಇನ್ನೊಮ್ಮೆ ಜಗ್ಗಿ ನೋಡುವ ಜಾತಿಯವ. ಯಾವ ಹಂತವನ್ನು ಆರಿಸಿದೆ ಎಂದು ಬೇರೆ ಹೇಳಬೇಕಾಗಿಲ್ಲ.

ಬೀಗ ಹಾಕಬೇಕಾಗಿದ್ದದ್ದು ಒಂದು ಪುಸ್ತಕಕ್ಕೆ. ಕಾಗದದ ಪುಸ್ತಕವಲ್ಲ, ಸಿಡಿಯಲ್ಲಿ ಹಾಕಿ ಮಾರುವಂಥದ್ದು. ಮೊಬೈಲುಗಳು ಆಗಷ್ಟೇ ಜನರ ಅಂಗಿಯ ಕಿಸೆಗೆ ಇಳಿಯುತ್ತಿದ್ದ ಕಾಲ. ಮೂಡುಬಿದಿರೆಯ ನನ್ನ ಡಿಟಿಪಿ ಅಂಗಡಿಗೆ ಮದುವೆ ಕಾಗದದವರು, ಪ್ರಾಜೆಕ್ಟ್ ವರದಿಯ ಕಾಲೇಜು ಮಕ್ಕಳು ಬಿಟ್ಟರೆ ಬೇರೆ ಗಿರಾಕಿಗಳು ಕಡಿಮೆ. ಅಂಥಲ್ಲಿಗೆ ಬಂಟ್ವಾಳ ಕಡೆಯ ಹೈಸ್ಕೂಲೊಂದರ ಗಣಿತದ ಟೀಚರ್ ಒಂದು ದೊಡ್ಡ ಕಟ್ಟು ಕಾಗದ ಹೊತ್ತುಕೊಂಡು ಬಂದರು. ವ್ಯಾಪಾರಸ್ಥ ಬ್ಯಾರಿ ಮುಸ್ಲಿಮರ ಮನೆತನದವರು. ಅವರ ತಮ್ಮ ಗಲ್ಫಿನಲ್ಲಿದ್ದ. ಅಲ್ಲಿ ಅವನ ರೂಮಿನವರು ಆಡುತ್ತಿದ್ದ ಒಂದು ಆಟವನ್ನು ರಜೆಗೆ ಬಂದಾಗ ಅಕ್ಕನಿಗೆ ಕಲಿಸಿದ್ದ. ಅಕ್ಕ ಆಡಿ ಸುಮ್ಮನಾಗದೆ, ಅಂಥದ್ದೇ ಒಂದನ್ನು ಕನ್ನಡದಲ್ಲಿ ಬರೆದಿದ್ದರು.

ಈ ಆಟಕ್ಕೆ ಬೋರ್ಡೂ ಇಲ್ಲ, ಕಾಯಿಯೂ ಇಲ್ಲ. ಒಬ್ಬರು ಕಥೆ ನಡೆಸಬೇಕು, ಉಳಿದವರು ಒಂದೊಂದು ಪಾತ್ರ ಹಿಡಿದು ಮಾತಾಡಬೇಕು, ಮುಂದೇನಾಗುತ್ತದೆಂದು ಸಂಶಯ ಬಂದಲ್ಲಿ ದಾಳ ಉರುಳಿಸಬೇಕು. ತಾಳಮದ್ದಳೆಯಲ್ಲಿ ಭಾಗವತರು ಹಾಡಿದ ಪದ್ಯಕ್ಕೆ ಅರ್ಥ ಹೇಳಿದ ಹಾಗೆಯೇ, ಪದ್ಯದ ಬದಲಿಗೆ ದಾಳ ಉಂಟು ಎಂದು ನಾನು ತಿಳಿದುಕೊಂಡೆ. ಪುಸ್ತಕದಲ್ಲಿ ಇದ್ದದ್ದು ಕಥೆಯಲ್ಲ, ಕಥೆ ಹುಟ್ಟಲಿಕ್ಕೆ ಬೇಕಾದ ಸಾಮಾನು: ನೇತ್ರಾವತಿಯ ಅಳಿವೆಯಲ್ಲಿ ಒಂದು ಕಾಲ್ಪನಿಕ ಬಂದರು, ಅದರ ನಕಾಶೆ, ಸರಕುಗಳ ಪಟ್ಟಿ, ಗಾಳಿ ನೀರಿನ ಲೆಕ್ಕ. ಮಳೆಗಾಲ ಹಿಡಿದು ಬಂದರು ಮುಚ್ಚುವ ಮೊದಲು ಒಂದು ಮಂಜಿ, ಎಂದರೆ ಸರಕಿನ ಹಾಯಿಹಡಗು, ಸಮುದ್ರಕ್ಕೆ ಇಳಿಯಬೇಕು. ಅದರಲ್ಲಿ ಹಡಗು ನಡೆಸುವ ತಂಡೇಲ, ಮೆಣಸಿನ ವ್ಯಾಪಾರಿ, ಬಡಗಿ, ದುಭಾಷಿ, ವೈದ್ಯೆ, ಸುಂಕದವ ಎಂದು ಆರು ಪಾತ್ರ. ಆರರಲ್ಲಿ ಒಬ್ಬರು ಎದುರು ಪಕ್ಷಕ್ಕೆ ಮಾರಿಕೊಂಡವರು. ಅದು ಯಾರೆಂದು ಪ್ರತಿ ಸಲವೂ ಬದಲು, ಆಟಕ್ಕೆ ಮೊದಲು ಕಥೆ ನಡೆಸುವವರು ಆ ಪಾತ್ರದ ಪುಟದ ಕೊನೆಗೆ ಪೆನ್ಸಿಲಿನಲ್ಲಿ ಗುಟ್ಟಾಗಿ ಗುರುತು ಹಾಕಬೇಕು.

ಟೀಚರಿಗೆ ಇದ್ದದ್ದು ಒಂದೇ ಆಸೆ. ಮೊದಲ ದಿನವೇ ಹೇಳಿದರು.

“ಮನೆಯ ಮಕ್ಕಳು ಆಡ್ತಾರೆ. ಆಡದಿದ್ರೆ ನನಗೆ ಬೇಜಾರಾಗ್ತದೆ ಅಂತ ಆಡ್ತಾರೆ. ನನ್ನ ಗುರ್ತ ಇಲ್ಲದವರು ಆಡ್ಬೇಕು. ಯಾರೂ ಆಡದಿದ್ರೆ ಎರಡನೇ ಭಾಗ ನಾನು ಬರೆಯುದಿಲ್ಲ.”

ಕಾಗದದಲ್ಲಿ ಅಚ್ಚು ಹಾಕಿಸುವಷ್ಟು ಶಕ್ತಿ ಇಬ್ಬರಿಗೂ ಇರಲಿಲ್ಲ. ಸಿಡಿಗೆ ದುಡ್ಡು ಹಾಕಲು ತಮ್ಮ ಒಪ್ಪಿದ, ಬೀಗ ಇರಬೇಕೆಂಬ ಶರತ್ತಿನ ಮೇಲೆ. ಇಂಗ್ಲಿಷಿನ ಅಂಥ ಪುಸ್ತಕವೊಂದು ಒಬ್ಬನ ಕಂಪ್ಯೂಟರಿನಿಂದ ಹೊರಟು ಒಂದೇ ವಾರದಲ್ಲಿ ಇಡೀ ಕಂಪೆನಿಯ ಕಂಪ್ಯೂಟರುಗಳಿಗೆ ಹಬ್ಬಿದ್ದನ್ನು ಅವನು ನೋಡಿದ್ದ. ಅಕ್ಕನ ಇಷ್ಟು ವರ್ಷದ ಕೆಲಸ ಹಾಗಾಗಬಾರದು ಎಂದು ಅವನ ವಾದ. ಬೀಗದ ತಂತ್ರಾಂಶವನ್ನು ಅಲ್ಲಿಂದಲೇ ಕೊಂಡು ಕಳಿಸಿದ. ನನಗೂ ಅದೇ ಬೇಕಾಗಿತ್ತು. ನಮ್ಮ ಸಿಡಿಯ ನಕಲುಗಳು ಮಂಗಳೂರಿನ ಫುಟ್‌ಪಾತಿನಲ್ಲಿ ರಾಶಿ ಬಿದ್ದಂತೆ ನನಗೆ ಆಗಲೇ ಕಣ್ಣಿಗೆ ಕಟ್ಟುತ್ತಿತ್ತು.

ಪುಟ ಕಟ್ಟಲಿಕ್ಕೆ ತಿಂಗಳುಗಳು ಹೋದವು. ಕನ್ನಡ ಅಕ್ಷರ ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ದಾಟುವಾಗ ಒತ್ತಕ್ಷರಗಳೆಲ್ಲ ಕಳಚಿ ಬೀಳುತ್ತಿದ್ದವು. ಅವನ್ನು ಹೆಕ್ಕಿ ಹೆಕ್ಕಿ ಜೋಡಿಸಿದೆ. ಟೀಚರ್ ಶನಿವಾರ ಮಧ್ಯಾಹ್ನ ಬಸ್ಸಿನಲ್ಲಿ ಬಂದು ನನ್ನ ಪರದೆಯ ಮುಂದೆ ಕೂತು ತಿದ್ದುತ್ತಿದ್ದರು. ಅವರ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಎಲ್ಲ ಮುಗಿದ ಮೇಲೆ, ಕೊನೆಯ ಕೆಲಸವಾಗಿ ಬೀಗ.

ಅತಿ ಗಟ್ಟಿ ಹಂತ ಎಂದರೆ ಹೀಗೆ: ಪ್ರಿಂಟ್ ಬಂದ್. ಅಕ್ಷರ ನಕಲಿಸಿ ಬೇರೆಡೆ ಅಂಟಿಸುವುದು ಬಂದ್. ಪರದೆಯ ಚಿತ್ರ ತೆಗೆಯುವ ಕೀಲಿಯೂ ಬಂದ್. ಸಿಡಿ ಹಾಕಿದೊಡನೆ ಪರದೆಯ ಮೇಲೆ ಒಂದು ಉದ್ದದ ಅಂಕೆ ಬರುತ್ತದೆ. ಕೊಂಡವರು ಅಂಗಡಿಗೆ ಫೋನ್ ಮಾಡಿ ಅದನ್ನು ಹೇಳಬೇಕು. ನಾನು ಅದನ್ನು ಯಂತ್ರಕ್ಕೆ ಉಣಿಸಿ ಬರುವ ಉತ್ತರದ ಅಂಕೆಯನ್ನು ತಿರುಗಿ ಹೇಳಬೇಕು. ಆಗ ಪುಸ್ತಕ ತೆರೆಯುತ್ತದೆ, ಆ ಒಂದು ಕಂಪ್ಯೂಟರಿನಲ್ಲಿ ಮಾತ್ರ. ಒಂದು ಸಿಡಿಗೆ ಹೀಗೆ ಎರಡೇ ಸಲ. ಇಷ್ಟೆಲ್ಲ ಮಾಡಿ ಮುಗಿಸಿದಾಗ, ನನ್ನ ಜನ್ಮದಲ್ಲಿ ಮೊದಲ ಬಾರಿಗೆ ಏನೋ ಭದ್ರವಾಗಿದೆ ಎಂದು ಅನಿಸಿತು.

ಸಿಡಿಗಳನ್ನು ಮೂಡುಬಿದಿರೆ, ಬೆಳ್ತಂಗಡಿ, ಉಜಿರೆಯ ಪುಸ್ತಕದಂಗಡಿಗಳಲ್ಲಿ ಇಟ್ಟೆವು. ಈ ಬಗೆಯ ಆಟ ಆಡುವ ಮಕ್ಕಳ ಗುಂಪುಗಳು ಹಾಸ್ಟೆಲುಗಳಲ್ಲಿ ಇದ್ದವು, ಹೆಚ್ಚಿನವು ಉಜಿರೆಯಲ್ಲಿ. ಇಂಗ್ಲಿಷ್ ಪುಸ್ತಕಗಳ ಫೋಟೋಸ್ಟಾಟ್ ಇಟ್ಟುಕೊಂಡು ಅವರು ಆಡುತ್ತಿದ್ದರು. ನಾನು ಕಳ್ಳರಿಗೆ ಕಾದೆ. ಕದಿಯುವುದು ಬಿಡಿ, ಸಿಡಿಯನ್ನು ತಿರುಗಿಸಿ ನೋಡಿದವರೇ ಕಡಿಮೆ. ನನ್ನ ಅಷ್ಟು ದೊಡ್ಡ ಹೆದರಿಕೆಗೆ ಇದು ಅವಮಾನವೇ.

ಕೊಂಡ ಕೆಲವರ ಫೋನು ಮಾತ್ರ ನಿಲ್ಲಲಿಲ್ಲ. ಮುಖ್ಯವಾಗಿ ಉಜಿರೆಯ ಒಂದು ಗುಂಪಿನದ್ದು. ಮೊದಲ ದಿನ ಅಂಕೆ ಕೇಳಿದರು, ಕೊಟ್ಟೆ. ಮರುದಿನ ಮತ್ತೆ ಕೇಳಿದರು, ಕೊಟ್ಟೆ. ಅದರ ಮಾರನೆಯ ದಿನ ಯಂತ್ರ ಒಪ್ಪಲಿಲ್ಲ, ಎರಡು ಸಲ ಮುಗಿದಿತ್ತು. ಬೇರೆ ಬೇರೆ ಕಂಪ್ಯೂಟರಿನಲ್ಲಿ ಹಾಕಿದ್ದೀರಿ ಎಂದು ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಆಚೆಯಿಂದ ಮಾತಾಡಿದವನು ಗುಂಪಿನಲ್ಲಿ ಕಥೆ ನಡೆಸುವವ, ಪದವಿಯ ಕೊನೆಯ ವರ್ಷದವ, ಅಳದಂಗಡಿ ಕಡೆಯ ಕೃಷಿಕರ ಮಗ. ಅವನ ಗುಂಪಿನವರು ಅವನನ್ನು ಭಾಗವತ ಎಂದೇ ಕರೆಯುತ್ತಿದ್ದರು.

“ಒಂದೇ ಕಂಪ್ಯೂಟರ್ ಸರ್. ಅದೇ ಕುರ್ಚಿ, ಅದೇ ಕ್ಯಾಬಿನ್. ದುಡ್ಡು ಕೊಟ್ಟವರು ನಾವು, ದಿನಾ ಪೊಲೀಸ್ ಸ್ಟೇಶನಿಗೆ ಸಹಿ ಹಾಕ್ಲಿಕ್ಕೆ ಬಂದ ಹಾಗೆ ನಿಮಗೆ ಫೋನ್ ಮಾಡ್ಬೇಕು. ಇಂಗ್ಲಿಷ್ ಪುಸ್ತಕ ಕದ್ದು ಆಡುವಾಗ ನಮಗೆ ಇಷ್ಟು ಕಷ್ಟ ಇರ್ಲಿಲ್ಲ.”

ಕೊನೆಯ ವಾಕ್ಯ ನನ್ನನ್ನು ಎರಡು ದಿನ ತಿಂದಿತು. ಆದಿತ್ಯವಾರ ಉಜಿರೆಯ ಬಸ್ಸು ಹತ್ತಿದೆ.

ಅದು ಒಂದು ಸೈಬರ್ ಸೆಂಟರ್. ಮಕ್ಕಳಲ್ಲಿ ಯಾರಿಗೂ ಸ್ವಂತ ಕಂಪ್ಯೂಟರ್ ಇರಲಿಲ್ಲ. ಸೆಂಟರಿನ ಮಾಲಕರು ವೈರಸ್ಸಿನ ಕಾಟಕ್ಕೆ ಒಂದು ಉಪಾಯ ಮಾಡಿದ್ದರು: ದಿನಾ ಬೆಳಿಗ್ಗೆ ಸ್ವಿಚ್ ಹಾಕುವಾಗ ಪ್ರತಿ ಕಂಪ್ಯೂಟರೂ ತನ್ನ ಮೂಲ ಸ್ಥಿತಿಗೆ ಮರಳುವ ತಂತ್ರಾಂಶ. ನಿನ್ನೆ ಒಳಗೆ ಬಂದದ್ದೆಲ್ಲ ಅಳಿಸಿಹೋಗುತ್ತದೆ, ವೈರಸ್ಸೂ, ನಾನು ಫೋನಿನಲ್ಲಿ ಕೊಟ್ಟ ಅನುಮತಿಯೂ. ಸಾಧಾರಣ ಹಂತದ ಬೀಗವಾಗಿದ್ದರೆ ಒಂದು ಕಂಪ್ಯೂಟರಿಗೆ ಯಾವಾಗಲೂ ಒಂದೇ ಅಂಕೆ. ನಿನ್ನೆಯ ಉತ್ತರ ಇಂದೂ ನಡೆಯುತ್ತಿತ್ತು. ಅತಿ ಗಟ್ಟಿ ಹಂತದಲ್ಲಿ ಮಾತ್ರ ಪ್ರತಿ ಸಲವೂ ಹೊಸ ಅಂಕೆ. ಕಳ್ಳನಿಗೆಂದು ನಾನು ಇಟ್ಟ ಆ ಒಂದು ಹೆಚ್ಚಿನ ಅಗುಳಿಗೆ ಸಿಕ್ಕಿಬಿದ್ದವರು ದುಡ್ಡು ಕೊಟ್ಟವರು.

ಉತ್ತರದ ಅಂಕೆ ಅಲ್ಲಿಯೇ ತೆಗೆಯಲಿಕ್ಕೆ ನನ್ನ ಲ್ಯಾಪ್‌ಟಾಪ್ ಒಯ್ದಿದ್ದೆ. ಹೊಸ ಸಿಡಿಯೊಂದನ್ನು ಅವರ ಕಂಪ್ಯೂಟರಿನಲ್ಲಿ ತೆರೆದುಕೊಟ್ಟು, ಇವತ್ತಿಗಾದರೂ ಸರಿಯಾಯಿತಲ್ಲ ಎಂದೆ. ಭಾಗವತ ನನ್ನನ್ನು ಕನಿಕರದಿಂದ ನೋಡಿದ. ಆಮೇಲೆ ತನ್ನ ಗುಂಪಿನ ಹುಡುಗನೊಬ್ಬನನ್ನು ಪರದೆಯ ಮುಂದೆ ಎಳೆದು ಕೂರಿಸಿದ.

“ಇವ ಸುಂಕದವ. ಇದು ಸುಂಕದವನ ಪುಟ, ಇವ ಮಾತ್ರ ಓದ್ಬೇಕು. ತಾನು ಮಾರಿಕೊಂಡವನಾ ಅಲ್ವಾ ಅಂತ ಇದ್ರ ಕೊನೆಗೆ ನಾನು ಗುರುತು ಹಾಕ್ಬೇಕು, ಪರದೆಗೆ ಹೇಗೆ ಹಾಕುದು? ಉಳಿದವರನ್ನು ನಾನು ಎಲ್ಲಿಗೆ ಕಳಿಸುದು ಸರ್?”

“ಕಳಿಸಿದ್ದಾನೆ,” ಎಂದ ಸುಂಕದವ. “ಒಬ್ಬೊಬ್ಬರೇ ಒಳಗೆ ಬರುದು, ಓದುದು, ಹೊರಗೆ ಹೋಗಿ ಬೆಂಚಲ್ಲಿ ಕೂತುಕೊಳ್ಳುದು. ಡಾಕ್ಟ್ರ ಶಾಪಿನ ಹಾಗೆ.”

“ಓದಿದ್ದು ಬಾಯಿಪಾಠ ಆಗ್ಬೇಕಲ್ಲ,” ಎಂದಳು ವೈದ್ಯೆಯ ಪಾತ್ರದವಳು. “ನಾನು ಪರೀಕ್ಷೆಗೇ ಇಷ್ಟು ಓದುದಿಲ್ಲ.”

ಎಲ್ಲರೂ ನಕ್ಕರು. ನಾನೂ ನಕ್ಕೆ, ಸ್ವಲ್ಪ ತಡವಾಗಿ. ಆ ಪುಸ್ತಕದ ಪ್ರತಿ ಒತ್ತಕ್ಷರವನ್ನು ನಾನು ಬೆರಳಿನಲ್ಲಿ ಮುಟ್ಟಿದ್ದೆ, ಆದರೆ ಆಟವನ್ನು ಒಮ್ಮೆಯೂ ಆಡಿರಲಿಲ್ಲ. ಪುಟಗಳನ್ನು ಬಿಡಿಸಿ, ಆರು ಜನರಿಗೆ ಹಂಚಿ, ಒಬ್ಬರದ್ದನ್ನು ಇನ್ನೊಬ್ಬರು ನೋಡದಂತೆ ಮಡಚಿ ಇಟ್ಟುಕೊಂಡರೆ ಮಾತ್ರ ಅದು ಆಟ. ಪರದೆಯ ಮೇಲೆ ಎಲ್ಲರ ಕಣ್ಣಿಗೂ ಬೀಳುವ ಹಾಗೆ ಇಟ್ಟರೆ ಅದು ಪಾಠ.

ಹೊರಗೆ ಹೋಟೆಲಿನಲ್ಲಿ ಗೋಳಿಬಜೆ ಚಹಾ ಕೊಡಿಸಿ, ಕೇಳಬೇಕಾದದ್ದನ್ನು ಕೇಳಿದೆ: ಇಂಥ ಪುಸ್ತಕ ಇನ್ನೊಂದು ಬಂದರೆ ಕೊಳ್ಳುತ್ತೀರಾ? ಒಬ್ಬೊಬ್ಬರದ್ದು ಒಂದೊಂದು ನಮೂನೆ. ಸುಂಕದವನಿಗೆ ಕಾಗದದ್ದೇ ಬೇಕಂತೆ, ಜಾಸ್ತಿ ಕ್ರಯವಾದರೂ ಅಡ್ಡಿಯಿಲ್ಲವಂತೆ, ಹಳತಾದರೆ ಜೂನಿಯರುಗಳಿಗೆ ಅರ್ಧ ಕ್ರಯಕ್ಕೆ ಕೊಡಬಹುದಲ್ಲ. ಬೀಗದ ಸಿಡಿಯನ್ನು ಯಾರಿಗೆ ಕೊಡುವುದು? ವೈದ್ಯೆಗೆ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ಸಿಡಿ ಅವಳ ಪೆಟ್ಟಿಗೆಯಲ್ಲಿದೆ, ಆದರೆ ಓದಲಿಕ್ಕೆ ಮೂಡುಬಿದಿರೆಯ ಯಾರೋ ಒಬ್ಬರು ಫೋನ್ ಎತ್ತಬೇಕು, ಆ ಮನುಷ್ಯ ಅಂಗಡಿ ಮುಚ್ಚಿ ಹೋದರೆ ಪುಸ್ತಕವೂ ಹೋದಂತೆ. ನಾನು ಸಾಯುವ ಮಾತನ್ನು ಅವಳು ಇಷ್ಟು ಮರ್ಯಾದೆಯಿಂದ ಹೇಳಿದ್ದಕ್ಕೆ ಉಪಕಾರ ಸ್ಮರಿಸಬೇಕು. ಮತ್ತೊಬ್ಬ, ಬಡಗಿ ಪಾತ್ರದವ, ಬೀಗ ಹಾಕಿದವರು ತನ್ನನ್ನು ಮೊದಲೇ ಕಳ್ಳ ಎಂದು ತೀರ್ಮಾನಿಸಿದ ಮೇಲೆ ತಾನು ಕದ್ದರೆ ತಪ್ಪೇನು ಎಂದು ಕೇಳಿದ. ನಾನು ಅವನ ತಟ್ಟೆಗೆ ಇನ್ನೊಂದು ಗೋಳಿಬಜೆ ಹಾಕಿಸಿದೆ. ಭಾಗವತನನ್ನು ಕೇಳಿದೆ: ಬೀಗ ಇಲ್ಲದಿದ್ದರೆ ನಕಲು ಮಾಡುತ್ತಿರಲಿಲ್ಲವಾ?

“ಮಾಡ್ತಿದ್ದೆವು. ಸುಳ್ಳು ಯಾಕೆ ಹೇಳುದು,” ಎಂದ. “ಆದ್ರೆ ಒಂದು ಸಿಡಿ ಕ್ರಯ ಕೊಟ್ಟು ತೆಗೊಂಡಿದ್ದೇವಲ್ಲ ಸರ್. ಇನ್ನು ಅದನ್ನು ಸಹ ತೆಗೊಳ್ಳುದಿಲ್ಲ. ಪರೀಕ್ಷೆಗೆ ಮೊದಲು ನಮಗೆ ಕೆಲವೇ ಆದಿತ್ಯವಾರ ಉಳಿದಿರುದು. ಹಳೇ ಇಂಗ್ಲಿಷ್ ಆಟಕ್ಕೇ ಹೋಗುವ ಅಂತ ಇದ್ದೇವೆ.”

ಏಳುವ ಮೊದಲು ಅವನು ಚೀಲದಿಂದ ಕೆಲವು ಹಾಳೆ ತೆಗೆದ. ಲ್ಯಾಬಿನ ಹಳೇ ಹಾಳೆಗಳ ಹಿಂದುಗಡೆ ಕೈಬರಹದಲ್ಲಿ ಆರೂ ಪಾತ್ರಗಳ ಪುಟ. ಒಂದು ಸಲವಾದರೂ ಸರಿಯಾಗಿ ಆಡಬೇಕೆಂದು ಮೂರು ಜನ ಸೈಬರಿನಲ್ಲಿ ಗಂಟೆಯ ಲೆಕ್ಕದಲ್ಲಿ ಬಾಡಿಗೆ ಕೊಟ್ಟು ಕೂತು ಪರದೆ ನೋಡಿ ಬರೆದದ್ದು. ಆಡಿದ್ದೂ ಆಯಿತಂತೆ, ಚೆನ್ನಾಗಿತ್ತಂತೆ. ಹಾಳೆಗಳನ್ನು ಬೇಡಿ ತೆಗೆದುಕೊಂಡೆ.

ಮರುದಿನ ಬಂಟ್ವಾಳಕ್ಕೆ ಹೋಗುವಾಗ ದಾರಿಯುದ್ದಕ್ಕೂ ಮನಸ್ಸಿನಲ್ಲಿ ವಾಕ್ಯ ಜೋಡಿಸಿದೆ. ಯಾವುದೂ ಬೇಕಾಗಲಿಲ್ಲ. ಟೀಚರ್ ಹಾಳೆಗಳನ್ನು ಉತ್ತರಪತ್ರಿಕೆ ನೋಡಿದ ಹಾಗೆ ಒಂದೊಂದಾಗಿ ತಿರುಗಿಸಿದರು.

“ಇದು ಯಾರ ಅಕ್ಷರ?”

ಉಜಿರೆಯ ಮಕ್ಕಳದ್ದೆಂದೆ.

“ಕೈಯಲ್ಲಿ ಯಾಕೆ ಬರೆದದ್ದು? ಪ್ರಿಂಟ್ ತೆಗೀಬಹುದಲ್ಲ.”

“ಪ್ರಿಂಟ್ ಬರುದಿಲ್ಲ ಟೀಚರ್. ಬೀಗ.”

ಅವರು ತಲೆ ಎತ್ತಿದರು. ಬೀಗ ಎಂದರೆ ಸಿಡಿ ನಕಲಾಗದಂತೆ ತಡೆಯುವ ಏನೋ ಒಂದು ಎಂದು ಅವರು ತಿಳಿದಿದ್ದರು. ಅವರು ನೋಡಿದ್ದು ನನ್ನ ಪರದೆಯ ಬೀಗವಿಲ್ಲದ ಮೂಲಪ್ರತಿಯನ್ನು ಮಾತ್ರ. ಬೀಗದ ವಿವರ ನಾನೂ ತಮ್ಮನೂ ಫೋನಿನಲ್ಲಿ ಮಾತಾಡಿ ಮುಗಿಸಿದ್ದೆವು.

“ಹಾಗಾದ್ರೆ ಪಾತ್ರದ ಚೀಟಿ ಕೊಡುದು ಹೇಗೆ?” ಎಂದರು. ಹಾಳೆಗಳನ್ನು ಕೆಳಗಿಟ್ಟು, “ಚೀಟಿ ಕೊಡದೆ ಈ ಆಟವೇ ಇಲ್ಲ ಮಾರಾಯ್ರೆ. ನನ್ನನ್ನು ಒಂದು ಮಾತು ಕೇಳ್ಬಹುದಿತ್ತು.”

ದನಿ ಏರಿಸಲಿಲ್ಲ. ತರಗತಿಯಲ್ಲಿಯೂ ಅವರು ಹೀಗೆಯೇ ಇರಬೇಕು, ಪಾಪ ಆ ಮಕ್ಕಳು.

ತಮ್ಮನಿಗೆ ಅಲ್ಲಿಂದಲೇ ಫೋನ್ ಮಾಡಿದರು. ಬ್ಯಾರಿ ಭಾಷೆಯ ಮಾತು ನನಗೆ ಅರ್ಧ ತಿಳಿಯಿತು, ದನಿಯಿಂದ ಉಳಿದರ್ಧವೂ. ಆಮೇಲೆ ಫೋನು ನನ್ನ ಕೈಗೆ ಬಂತು. ಅವನದ್ದು ಒಂದು ನಡುದಾರಿಯ ಸಲಹೆ: ಪ್ರಿಂಟಿಗೆ ಬಿಡುವ, ಬೀಗದ ಉಳಿದ ಭಾಗ ಇರಲಿ. ಬೇರೆ ಯಾವ ವಿಷಯದಲ್ಲಾದರೂ ನಾನು ಇದನ್ನು ಅಪ್ಪಿಕೊಳ್ಳುತ್ತಿದ್ದೆ. ನಡುದಾರಿ ನನ್ನ ಕುಲದೇವರು. ಆದರೆ ಉಜಿರೆಯ ಆ ಕ್ಯಾಬಿನನ್ನು ನಾನು ನೋಡಿ ಬಂದಿದ್ದೆ. ಸಾಧಾರಣ ಹಂತಕ್ಕೆ ಇಳಿಸಿದರೂ ಪುಸ್ತಕ ಸೈಬರಿನ ಒಂದೇ ಕುರ್ಚಿಗೆ ಕಟ್ಟಿಬಿದ್ದಿರುತ್ತದೆ, ಆ ಕುರ್ಚಿಯಲ್ಲಿ ಬೇರೆಯವರು ಕೂತಿದ್ದರೆ ಆರು ಜನ ಹೊರಗೆ ಕಾಯಬೇಕು. ಅಲ್ಲಿ ಪ್ರಿಂಟರ್ ಇಲ್ಲ, ಪ್ರಿಂಟರ್ ಇರುವ ಅಂಗಡಿಗೆ ಹೋದರೆ ಮತ್ತೆ ಫೋನು, ಮತ್ತೆ ಅಂಕೆ. ಇದನ್ನು ಅವನಿಗೆ ವಿವರಿಸಿದೆ.

“ನಾಳೆ ಊರಿಡೀ ಫೋಟೋಸ್ಟಾಟ್ ಆಗ್ತದೆ ಅಣ್ಣ,” ಎಂದ. “ಆಗ ಅಕ್ಕನಿಗೆ ಎಂತ ಉಳೀತದೆ? ಅದಕ್ಕೆ ನೀವು ಜವಾಬ್ದಾರಿಯಾ?”

ಇಂಥ ಪ್ರಶ್ನೆಗೆ ನಾನು ಜೀವಮಾನವಿಡೀ ‘ನೋಡುವ’ ಎಂದು ಉತ್ತರಿಸುತ್ತ ಬಂದವ. ಅಂದು ಆ ಶಬ್ದ ಬಾಯಿಗೆ ಬರಲಿಲ್ಲ.

“ಬೀಗ ಪೂರ್ತಿ ತೆಗೀಬೇಕು,” ಎಂದೆ. “ಇಲ್ಲದಿದ್ರೆ ಇದನ್ನು ಯಾರೂ ಆಡುದಿಲ್ಲ.”

 ಹಾಗಾದರೆ ನಿಮ್ಮ ಇಷ್ಟ, ಎರಡನೇ ಭಾಗಕ್ಕೆ ತನ್ನನ್ನು ಕೇಳುವುದು ಬೇಡ ಎಂದು ಅವನು ಫೋನ್ ಇಟ್ಟ. ಟೀಚರಿಗೆ ಹೇಳಿದೆ. ಅವರು ಹಾಳೆಗಳನ್ನು ಅಂಚು ಸರಿಮಾಡಿ ಜೋಡಿಸುತ್ತಿದ್ದರು.

“ಅವ ಹೇಳಿದ್ದು ಸುಳ್ಳಲ್ಲ,” ಎಂದರು. “ಫೋಟೋಸ್ಟಾಟ್ ಆಗ್ತದೆ. ಆಗ್ಲಿ. ತೆಗೀರಿ.”

ತೆಗೆಯುವುದಕ್ಕೆ ಒಂದು ಮಧ್ಯಾಹ್ನ ಸಾಕಾಯಿತು. ಪುಟಗಳ ಕೆಲಸ ಮಾತ್ರ ಹೊಸದಾಗಿ ಮಾಡಿದೆ. ಪಾತ್ರಗಳ ಪುಟಗಳನ್ನು ಪುಸ್ತಕದ ನಡುವಿನಿಂದ ಬಿಡಿಸಿ ಕೊನೆಗೆ ತಂದು, ಪ್ರತಿಯೊಂದನ್ನೂ ಬೇರೆ ಹಾಳೆ ಮಾಡಿ, ಎಲ್ಲಿ ಕತ್ತರಿಸಬೇಕು, ಎಲ್ಲಿ ಮಡಚಬೇಕು ಎಂದು ಗೆರೆ ಹಾಕಿದೆ. ಮಡಚಿದಾಗ ಹೊರಗೆ ಕಾಣುವ ಕಡೆ ಪಾತ್ರದ ಹೆಸರು ಮಾತ್ರ. ಆ ಆರು ಚೀಟಿಗಳನ್ನು ಕತ್ತರಿಸಿ, ಮಡಚಿ, ಬಲ್ಬಿಗೆ ಹಿಡಿದು ಅಕ್ಷರ ಹೊರಗೆ ತೋರುತ್ತದೋ ಎಂದು ನೋಡಿದೆ. ತೋರುತ್ತಿತ್ತು. ಹೊರಬದಿಗೆ ಒತ್ತೊತ್ತಾಗಿ ಬಲೆಯ ಚಿತ್ತಾರ ತುಂಬಿಸಿದ ಮೇಲೆ ತೋರಲಿಲ್ಲ. ಹೊಸ ಸಿಡಿಗಳನ್ನು ಬಸ್ಸಿನ ಕಂಡಕ್ಟರುಗಳ ಕೈಯಲ್ಲಿ ಕೊಟ್ಟು, ಮೊದಲೇ ಕೊಂಡವರಿಗೆಲ್ಲ ಪುಕ್ಕಟೆ ಕಳಿಸಿದೆ. ಭಾಗವತ ಫೋನ್ ಮಾಡಿ, ಬಂತು, ಪ್ರಿಂಟ್ ಆಗ್ತದೆ ಎಂದು ಮಾತ್ರ ಹೇಳಿದ. ಬೆಳ್ತಂಗಡಿಯಲ್ಲಿದ್ದ ಒಬ್ಬ ಸಂಬಂಧಿಗೆಂದು ಇನ್ನೊಂದನ್ನು ಕ್ರಯ ಕೊಟ್ಟು ತರಿಸಿಕೊಂಡ.

ಸ್ವಲ್ಪ ಸಮಯ ಮಾರಾಟ ಹಿಂದಿಗಿಂತ ಚುರುಕಾಯಿತು. ಆಮೇಲೆ ನಿಂತೇಹೋಯಿತು. ಯಾಕೆಂದು ಗೊತ್ತಾಗಲಿಕ್ಕೆ ಹೆಚ್ಚು ಕಾಲ ಹಿಡಿಯಲಿಲ್ಲ. ಬೆಳ್ತಂಗಡಿಯ ಒಂದು ಫೋಟೋಸ್ಟಾಟ್ ಅಂಗಡಿಯಲ್ಲಿ, ಹಿಂದಿನ ವರ್ಷದ ಪ್ರಶ್ನೆಪತ್ರಿಕೆಗಳ ಪಕ್ಕದಲ್ಲಿ, ನಮ್ಮ ಪುಸ್ತಕ ಸ್ಪೈರಲ್ ಹಾಕಿಸಿಕೊಂಡು ಕೂತಿತ್ತು. ಟೀಚರ ಹೆಸರಿದ್ದ ಪುಟ ಇರಲಿಲ್ಲ. ಒಂದು ಪುಟ ಉಳಿಸಿದರೆ ಅಷ್ಟು ಕಾಗದ ಲಾಭ. ನಾನು ಅಂಗಡಿಯವರಿಗೆ ಏನಾದರೂ ಹೇಳಬೇಕೆಂದು ನಿಂತೆ, ಗಂಟಲು ಸರಿಮಾಡಿಕೊಂಡೆ, ಒಂದು ಪೆನ್ನು ಕೊಂಡು ಹೊರಗೆ ಬಂದೆ. ತಮ್ಮ ಹೇಳಿದ್ದು ಅಕ್ಷರಶಃ ಆಗಿತ್ತು. ಟೀಚರಿಗೆ ತಿಳಿಸಿದಾಗ ಅವರು ಹೂಂ ಎಂದರು. ಎರಡನೇ ಭಾಗದ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಆ ಮಳೆಗಾಲವಿಡೀ ನನ್ನ ನಿದ್ರೆ ಅಷ್ಟಕ್ಕಷ್ಟೆ.

ಹಾಗಿರುವಾಗ ಒಂದು ದಿನ ಮೂಡುಬಿದಿರೆಯ ಕಾಲೇಜು ಹುಡುಗಿಯೊಬ್ಬಳು ಅಂಗಡಿಗೆ ಬಂದಳು. ಅವಳ ಪ್ರಾಜೆಕ್ಟ್ ವರದಿ ನಾನೇ ಮಾಡಿಕೊಟ್ಟಿದ್ದೆ. ಕೈಯಲ್ಲಿದ್ದದ್ದು ನಕಲಿನ ನಕಲಿನ ನಕಲು, ದುಭಾಷಿಯ ಪುಟ ಪೂರ್ತಿ ಮಾಸಿ ಹೊಗೆಯಂತಾಗಿತ್ತು.

“ಅಂಕಲ್, ಇದೊಂದು ಪೇಜ್ ಸ್ವಲ್ಪ ಕಪ್ಪು ಬರುವ ಹಾಗೆ ತೆಗ್ದು ಕೊಡ್ತೀರಾ? ಆದಿತ್ಯವಾರ ಬೇಕು. ಓದ್ಲಿಕ್ಕೇ ಆಗುದಿಲ್ಲ, ದುಭಾಷಿ ಎಲ್ಲ ಸಲ ಮೂಗನ ಹಾಗೆ ಕೂತ್ಕೊಳ್ತಾನೆ.”

ಪುಸ್ತಕ ಎಲ್ಲಿ ಕೊಂಡದ್ದು ಎಂದು ಕೇಳಿದೆ. ಅವಳಿಗೆ ನಗು ಬಂತು. ಇದಕ್ಕೆಲ್ಲ ಯಾರಾದರೂ ದುಡ್ಡು ಕೊಡುತ್ತಾರಾ ಎಂದು ಕೇಳಿದಳು. ಯಾರು ಬರೆದದ್ದೆಂದು ಅವಳಿಗೆ ಗೊತ್ತಿರಲಿಲ್ಲ, ಗೊತ್ತಾಗಬೇಕು ಎಂದೂ ಇರಲಿಲ್ಲ. ಆದರೆ ಅವರು ಅದನ್ನು ವಾರವಾರ ಆಡುತ್ತಿದ್ದರು, ಟ್ಯೂಶನ್ ಕ್ಲಾಸಿನ ಮಾಳಿಗೆಯಲ್ಲಿ. ನಾನು ಕಂಪ್ಯೂಟರ್ ತೆರೆದು ಮೂಲಪ್ರತಿಯಿಂದ ದುಭಾಷಿಯ ಪುಟ ತೆಗೆದುಕೊಟ್ಟೆ. ಇಷ್ಟು ಚೆಂದ ಹೇಗೆ ಬಂತು ಎಂದು ಅವಳು ಆಶ್ಚರ್ಯಪಟ್ಟಳು. ಯಂತ್ರ ಒಳ್ಳೇದುಂಟು ಎಂದೆ. ನೋಡಲಿಕ್ಕೆ ನಾನೂ ಒಬ್ಬರು ಟೀಚರೂ ಬರಬಹುದಾ ಎಂದು ಕೇಳಿದ್ದಕ್ಕೆ, ಮಾತಾಡದೆ ಕೂತರೆ ಅಡ್ಡಿಯಿಲ್ಲ ಎಂದಳು.

ಬಂಟ್ವಾಳಕ್ಕೆ ಫೋನ್ ಮಾಡುವ ಮೊದಲು ತುಂಬ ಯೋಚಿಸಿದೆ. ತನ್ನ ಹೆಸರು ಕಿತ್ತುಹಾಕಿದ ಪುಸ್ತಕವನ್ನು ಪರರು ಆಡುವುದನ್ನು ನೋಡಲು ಯಾರನ್ನಾದರೂ ಕರೆಯುವುದು ಸರಿಯೇ? ಟೀಚರ್ ಎರಡೇ ಪ್ರಶ್ನೆ ಕೇಳಿದರು: ಅವರಿಗೆ ನನ್ನ ಗುರ್ತ ಇಲ್ಲ ಅಲ್ವಾ? ಬಸ್ಸು ಎಷ್ಟು ಗಂಟೆಗೆ?

ಮಾಳಿಗೆಯಲ್ಲಿ ಬೆಂಚುಗಳನ್ನು ಗೋಡೆಗೆ ಸರಿಸಿ ನೆಲದ ಮೇಲೆ ಕೂತಿದ್ದರು. ಮಧ್ಯದಲ್ಲಿ ಸ್ಪೈರಲ್ ಹಾಕಿದ ಪುಸ್ತಕ, ಚಹಾದ ಕಲೆಯೊಂದಿಗೆ. ಟೀಚರ ಕಣ್ಣು ಮೊದಲು ಹೋದದ್ದು ಅದರ ಮೊದಲ ಪುಟಕ್ಕೆ, ಅಲ್ಲಿ ಹೆಸರು ಇರಬೇಕಾದಲ್ಲಿ ಸೀದಾ ಬಂದರಿನ ನಕಾಶೆ.  ನಾವು ಹಿಂದಿನ ಬೆಂಚಿನಲ್ಲಿ ಕೂತೆವು. ಅಷ್ಟರಲ್ಲಿ ಗುಂಪಿನಲ್ಲಿ ಚರ್ಚೆ. ದುಭಾಷಿ ಊರಿಗೆ ಹೋಗಿದ್ದಾನೆ, ಐದೇ ಜನ, ಆಡುವುದು ಹೇಗೆ? ಕಥೆ ನಡೆಸುವವಳು ಅದೇ ಹುಡುಗಿ. ಅವಳು ನಮ್ಮ ಕಡೆ ತಿರುಗಿದಳು. ನನ್ನನ್ನು ನೋಡಿ, ಬೇಡವೆಂದು ಟೀಚರ ಕಡೆ ಕಣ್ಣು ಹೊರಳಿಸಿದಳು.

“ಟೀಚರ್, ನೀವು ಕೂತುಕೊಳ್ತೀರಾ? ಕಷ್ಟ ಇಲ್ಲ, ನಾನು ಹೇಳಿಕೊಡ್ತೇನೆ.”

ಟೀಚರ್ ಚಪ್ಪಲಿ ಬಿಟ್ಟು ಹೋಗಿ ವೃತ್ತದಲ್ಲಿ ಕೂತರು. ಹುಡುಗಿ ನಿಯಮಗಳನ್ನು ನಿಧಾನವಾಗಿ ವಿವರಿಸಿದಳು. ಎರಡು ಕಡೆ ತಪ್ಪು ಹೇಳಿದಳು ಎಂದು ನನಗೇ ಗೊತ್ತಾಯಿತು. ಟೀಚರ್ ತಲೆಯಾಡಿಸುತ್ತ ಕೇಳಿದರು, ಒಂದು ಪ್ರಶ್ನೆಯನ್ನೂ ಕೇಳಿದರು. ಆಮೇಲೆ ಹುಡುಗಿ ಚೀಟಿಗೆ ಗುಟ್ಟಾಗಿ ಗುರುತು ಹಾಕಿ ಹಂಚಿದಳು. ಮಡಚಿದ ಚೀಟಿ ಟೀಚರ ಕೈಗೆ ಬಂದಾಗ ಹುಡುಗಿ, ಯಾರಿಗೂ ತೋರಿಸ್ಬಾರ್ದು ಆಯ್ತಾ, ಎಂದು ಎಚ್ಚರಿಸಿದಳು.

ಟೀಚರ್ ಗೋಡೆಯ ಕಡೆ ಸ್ವಲ್ಪ ತಿರುಗಿ ಚೀಟಿ ಬಿಡಿಸಿ ಓದಿದರು. ತಾವೇ ಬರೆದದ್ದು, ನಾನೇ ಗೆರೆ ಹಾಕಿದ್ದು. ಆದರೂ ಹುಡುಗಿ ಗುರುತು ಹಾಕುವ ಕೊನೆಯ ಸಾಲಿನವರೆಗೆ ಓದಿದರು. ಅವರು ಮಾರಿಕೊಂಡವರೋ ಅಲ್ಲವೋ ಎಂಬ ಕುತೂಹಲ ನನಗೆ ತಡೆಯಲಾಗಲಿಲ್ಲ, ಬೆಂಚಿನಿಂದ ಬಗ್ಗಿ ಅವರ ಭುಜದ ಮೇಲಿಂದ ಇಣುಕಿದೆ. ಅವರು ಚೀಟಿಯನ್ನು ಗೆರೆಗೆ ಸರಿಯಾಗಿ ಮಡಚಿ ಮುಷ್ಟಿ ಬಿಗಿ ಹಿಡಿದರು.

“ನಿಮಗೆ ಸಹ ಇಲ್ಲ,” ಎಂದರು.